ಅಧಿಕಾರಿ ತರಬೇತಿಗೆ ದೇಹ ಸಜ್ಜಾಗಬೇಕಾದರೆ: 2.4 ಕಿ.ಮೀ. ಓಟ, ಬೀಮ್ ಮತ್ತು ಮುಂಗಾಲಿನ ಮೂಳೆ

ಭಾರತೀಯ ಸೇನೆಯಲ್ಲಿ ಅಧಿಕಾರಿಯಾಗಬೇಕೆಂದು ಹೊರಟವರು ಎಷ್ಟು ಓಡಬೇಕು, ಎಷ್ಟು ಪುಶ್‌ಅಪ್ ಹೊಡೆಯಬೇಕು ಎಂಬುದು ಗುಟ್ಟಿನ ಮಾತೇನಲ್ಲ. ಕೆಲವು ವರ್ಷಗಳ ಅವಧಿಗೆ ಅಧಿಕಾರಿಗಳನ್ನು ತೆಗೆದುಕೊಳ್ಳುವ ಶಾರ್ಟ್ ಸರ್ವಿಸ್ ಕಮಿಷನ್‌ನ ತಾಂತ್ರಿಕ (ಎಂಜಿನಿಯರುಗಳ) ಪ್ರವೇಶದಂಥ ಅಧಿಸೂಚನೆಗಳಲ್ಲಿ ಸೇನೆಯೇ ಅದನ್ನು ಬರೆದು ಕೊಟ್ಟಿದೆ. ತರಬೇತಿಗೆ ಬರುವ ಹುಡುಗರು 2.4 ಕಿ.ಮೀ. ದೂರವನ್ನು 10 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. 40 ಪುಶ್‌ಅಪ್, 6 ಪುಲ್‌ಅಪ್, 30 ಸಿಟ್‌ಅಪ್ ಮಾಡಬೇಕು. 30ರಂತೆ ಎರಡು ಸೆಟ್ ಬಸ್ಕಿ, 10ರಂತೆ ಎರಡು ಸೆಟ್ ಲಂಜ್ (ಒಂದು ಕಾಲು ಮುಂದಿಟ್ಟು ಕೂತೇಳುವುದು) ಹಾಕಬೇಕು. ಹುಡುಗಿಯರಿಗೆ ಓಟಕ್ಕೆ 13 ನಿಮಿಷ, 15 ಪುಶ್‌ಅಪ್, 2 ಪುಲ್‌ಅಪ್, 25 ಸಿಟ್‌ಅಪ್. ಬಸ್ಕಿ, ಲಂಜ್ ಹುಡುಗರಷ್ಟೇ. ಇದರ ಮೇಲೆ ಇಬ್ಬರಿಗೂ ಈಜಿನ ಮೊದಲ ಪಾಠ ಗೊತ್ತಿರಬೇಕು. ನೀವು ಅರ್ಜಿ ಹಾಕುವ ಸಲದ ಅಧಿಸೂಚನೆಯನ್ನು ಮಾತ್ರ ನೀವೇ ತೆರೆದು ಓದಿ. ಪ್ರವೇಶದ ಬಗೆ ಬದಲಾದರೆ ಅಂಕಿಯೂ ಬದಲಾಗುತ್ತದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆಯ ಅಧಿಸೂಚನೆಯಲ್ಲಿ ಇದೇ 2.4 ಕಿ.ಮೀ.ಗೆ 15 ನಿಮಿಷ ಕೊಟ್ಟು, ತಲಾ 20 ಪುಶ್‌ಅಪ್–ಸಿಟ್‌ಅಪ್, 8 ಚಿನ್‌ಅಪ್, 3–4 ಮೀಟರ್ ಹಗ್ಗ ಹತ್ತುವುದನ್ನು ಸೂಚಿಸಿದ್ದಾರೆ. ಸೈನಿಕರ ಭರ್ತಿ ರ‍್ಯಾಲಿಯ 1.6 ಕಿ.ಮೀ. ಓಟ, 9 ಅಡಿ ಹಳ್ಳ ಎಲ್ಲ ಬೇರೆಯೇ ಲೆಕ್ಕ. ಊರಿನ ಮೈದಾನದಲ್ಲಿ ರ‍್ಯಾಲಿಗೆ ತಯಾರಾಗುವವರ ಜೊತೆ ಸೇರಿ ಅವರ ಪಟ್ಟಿಯನ್ನೇ ಅನುಸರಿಸುವುದು ಅನೇಕರು ಮಾಡುವ ಮೊದಲ ತಪ್ಪು.

ಈ ಅಂಕಿಗಳಲ್ಲಿ ಯಾವುದೂ ಬಿಡಿಯಾಗಿ ನೋಡಿದರೆ ಭಾರಿಯಲ್ಲ. ಆರೋಗ್ಯವಾಗಿರುವ 20 ವರ್ಷದ ಯಾರೇ ಆದರೂ ನಾಲ್ಕು ತಿಂಗಳ ಶಿಸ್ತಿನ ಅಭ್ಯಾಸದಲ್ಲಿ ಬಹುತೇಕ ಎಲ್ಲವನ್ನೂ ಮುಟ್ಟಬಹುದು. ಎಡವುವುದು ಎರಡೇ ಕಡೆ. ಒಂದು, ಬಿಡಿಬಿಡಿಯಾಗಿ ಕಲಿತದ್ದನ್ನು ಒಂದರ ಬೆನ್ನಿಗೊಂದು, ಸರಿಯಾದ ಭಂಗಿಯಲ್ಲಿ ಮಾಡಲಾಗದೆ. ಎರಡು, ಕೊನೆಯ ಆರು ವಾರದಲ್ಲಿ ಎದ್ದುಬಿದ್ದು ಓಡಿ, ಕಾಲಿನ ಮೂಳೆ ನೋಯಿಸಿಕೊಂಡು ಅಕಾಡೆಮಿಯ ಬಾಗಿಲಿಗೆ ಹೋಗಿ. ಎರಡನೆಯದೇ ಹೆಚ್ಚು ದುಬಾರಿ.

ಎಲ್ಲಿ, ಯಾವಾಗ ಅಳೆಯುತ್ತಾರೆ

ಅಧಿಕಾರಿಗಳನ್ನು ಆರಿಸುವ ಮಂಡಳಿಯಾದ ಎಸ್‌ಎಸ್‌ಬಿಯ (ಸರ್ವಿಸಸ್ ಸೆಲೆಕ್ಷನ್ ಬೋರ್ಡ್) ಐದು ದಿನಗಳ ಸಂದರ್ಶನದಲ್ಲಿ ಸ್ಟಾಪ್‌ವಾಚ್ ಹಿಡಿದು ಓಡಿಸುವ ಪರೀಕ್ಷೆ ಇಲ್ಲ. ಬೆಂಗಳೂರಿನ ಸೆಲೆಕ್ಷನ್ ಸೆಂಟರ್ ಸೌತ್ ಆಗಲಿ, ಮೈಸೂರಿನ ವಾಯುಪಡೆಯ ಆಯ್ಕೆ ಮಂಡಳಿಯಾಗಲಿ, ಮೈಕಟ್ಟು ಪರೀಕ್ಷೆಗೆ ಒಳಗಾಗುವುದು ಜಿಟಿಒ (ಗುಂಪು ಪರೀಕ್ಷೆ ನಡೆಸುವ ಅಧಿಕಾರಿ) ಮೈದಾನದಲ್ಲಿ. ಅಲ್ಲಿ ಒಬ್ಬೊಬ್ಬರೇ ದಾಟಬೇಕಾದ 10 ಅಡೆತಡೆಗಳಿರುತ್ತವೆ: ಇಳಿಜಾರು ಹಲಗೆ, ಜೋಡಿ ವೇದಿಕೆ, ಜೋಡಿ ಹಳ್ಳ, ಟೈಗರ್ ಲೀಪ್, ಟಾರ್ಜಾನ್ ಸ್ವಿಂಗ್, ಬರ್ಮಾ ಸೇತುವೆ ಹೀಗೆ. ಸಮಯ 3 ನಿಮಿಷ. ಒಂದೊಂದಕ್ಕೂ 1ರಿಂದ 10ರವರೆಗೆ ಅಂಕ ಬರೆದಿರುತ್ತದೆ. ಯಾವ ಕ್ರಮದಲ್ಲಿ ಮಾಡಬೇಕೆಂಬುದು ನಿಮ್ಮ ಆಯ್ಕೆ. ಒಂದೆರಡು ಬಿಟ್ಟುಹೋದ ಮಾತ್ರಕ್ಕೆ ಯಾರೂ ಮನೆಗೆ ಕಳುಹಿಸುವುದಿಲ್ಲ. ಆದರೆ ನಾಲ್ಕನೆಯ ಅಡೆತಡೆಗೇ ಏದುಸಿರು ಬಿಡುವವರು ಯೋಚಿಸುವುದನ್ನೂ ನಿಲ್ಲಿಸುತ್ತಾರೆ, ಅದು ನೋಡುವವರ ಕಣ್ಣಿಗೆ ಬೀಳುತ್ತದೆ.

ಮಂಡಳಿ ಶಿಫಾರಸು ಮಾಡಿದ ಮೇಲೆ ಸೇನಾ ಆಸ್ಪತ್ರೆಯಲ್ಲಿ ವೈದ್ಯಕೀಯ ಪರೀಕ್ಷೆ. ಅಲ್ಲಿ ಓಟ ಇಲ್ಲ. ಎತ್ತರಕ್ಕೆ ತಕ್ಕ ತೂಕ, ಕಣ್ಣು, ಕಿವಿ, ಮೊಣಕಾಲು, ಪಾದ ನೋಡುತ್ತಾರೆ. ಚಪ್ಪಟೆ ಪಾದದವರು ಹೆದರಿ ಅರ್ಜಿಯನ್ನೇ ಹಾಕದೆ ಕೂರುವುದುಂಟು. ತುದಿಗಾಲಲ್ಲಿ ನಿಂತಾಗ ಪಾದದ ಕಮಾನು ಕಾಣಿಸಿಕೊಂಡು, ನೋವಿಲ್ಲದೆ ಓಡಲು, ಕುಪ್ಪಳಿಸಲು ಬರುವುದಾದರೆ ಅದನ್ನು ಒಪ್ಪುತ್ತಾರೆ. ಕಿವಿಯ ಗುಗ್ಗೆ ತೆಗೆಸಿಕೊಂಡು, ತೂಕ ಸರಿಮಾಡಿಕೊಂಡು ಹೋಗುವುದು ನಿಮ್ಮ ಕೈಲಿರುವ ಕೆಲಸ.

ನಿಜವಾದ ಅಳತೆ ಶುರುವಾಗುವುದು ಅಕಾಡೆಮಿಗೆ ಹೋದ ಮೇಲೆ: ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ (ಒಟಿಎ), ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿ (ಐಎಂಎ), ಖಡಕ್‌ವಾಸ್ಲಾದ ಎನ್‌ಡಿಎ. ಬೆಳಗಿನ ಪಿಟಿ, ಡ್ರಿಲ್, ಸಂಜೆಯ ಆಟ, ನಡುವೆ ಶಿಕ್ಷೆಯ ಓಟ ಎಲ್ಲ ಸೇರಿ ದಿನವಿಡೀ ಕಾಲಿನ ಮೇಲೇ ಇರಬೇಕು. ಮುಂದೆ ಬೆನ್ನಿಗೆ ಹೊರೆ, ಕೈಯಲ್ಲಿ ರೈಫಲ್ ಹಿಡಿದು ಓಡುವುದೂ ಬರುತ್ತದೆ. ಅದರ ಜೊತೆ ಹಗ್ಗವೂ ಇದೆ, ಹಳ್ಳವೂ ಇದೆ. ಅಧಿಸೂಚನೆಯ ಅಂಕಿ ಎಂದರೆ ಇಷ್ಟನ್ನು ತಾಳಿಕೊಳ್ಳಲು ಬೇಕಾದ ಕನಿಷ್ಠ ಬಂಡವಾಳ.

2.4 ಕಿ.ಮೀ.: ಮೊದಲ ಸುತ್ತಿನಲ್ಲೇ ಕೆಡುವ ಓಟ

2.4 ಕಿ.ಮೀ. ಎಂದರೆ ಒಂದೂವರೆ ಮೈಲಿ, 400 ಮೀಟರ್ ಟ್ರ್ಯಾಕ್‌ನಲ್ಲಿ ಸರಿಯಾಗಿ 6 ಸುತ್ತು. ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1960ರ ದಶಕದಲ್ಲಿ ಹೃದಯ–ಶ್ವಾಸಕೋಶದ ಕಸುವನ್ನು ಪ್ರಯೋಗಾಲಯವಿಲ್ಲದೆ ಅಳೆಯುವ ಓಟದ ಪರೀಕ್ಷೆಗಳನ್ನು ರೂಪಿಸಿದ ಮೇಲೆ ಈ ದೂರ ಹಲವು ದೇಶಗಳ ಸೇನೆಗಳಲ್ಲಿ ಬಳಕೆಗೆ ಬಂತು. ದೂರ ಚಿಕ್ಕದಾದ್ದರಿಂದ ಬರೀ ತಾಳ್ಮೆ ಸಾಲದು, ಉದ್ದವಾದ್ದರಿಂದ ಬರೀ ವೇಗವೂ ಸಾಲದು. 10:30ರಲ್ಲಿ ಮುಗಿಸಬಲ್ಲ ದೇಹ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 49–50 ಮಿ.ಲೀ. ಆಮ್ಲಜನಕ ಬಳಸಿಕೊಳ್ಳಬಲ್ಲದು ಎಂದು ಬಳಕೆಯಲ್ಲಿರುವ ಸೂತ್ರ ಹೇಳುತ್ತದೆ. 13 ನಿಮಿಷಕ್ಕೆ ಅದು ಸುಮಾರು 40–41.

ಲೆಕ್ಕವನ್ನು ಸುತ್ತಿನಲ್ಲಿ ನೆನಪಿಡಿ. 10:30 ಎಂದರೆ ಪ್ರತಿ ಸುತ್ತಿಗೆ 1 ನಿಮಿಷ 45 ಸೆಕೆಂಡ್. ಎರಡನೇ ಸುತ್ತು ಮುಗಿದಾಗ ಗಡಿಯಾರ 3:30, ನಾಲ್ಕನೆಯದು ಮುಗಿದಾಗ 7:00 ತೋರಿಸಬೇಕು. 13 ನಿಮಿಷದ ಓಟಕ್ಕೆ ಸುತ್ತಿಗೆ 2:10. ಎರಡಕ್ಕೆ 4:20, ನಾಲ್ಕಕ್ಕೆ 8:40. 200 ಮೀಟರಿನ ಶಾಲಾ ಮೈದಾನವಾದರೆ 12 ಸುತ್ತು; 10:30ರ ಗುರಿಗೆ ಸುತ್ತಿಗೆ 52 ಸೆಕೆಂಡಿನ ಆಸುಪಾಸು, 13ರ ಗುರಿಗೆ 65.

ಗುಂಪಿನಲ್ಲಿ ಓಟ ಶುರುವಾದಾಗ ಎಲ್ಲರೂ ಮುನ್ನುಗ್ಗುತ್ತಾರೆ. ಮೊದಲ ಸುತ್ತನ್ನು 1:28ಕ್ಕೆ ಮುಗಿಸಿದವರಿಗೆ 17 ಸೆಕೆಂಡ್ ಉಳಿಸಿದೆ ಅನಿಸುತ್ತದೆ. ಆದರೆ ಆ ವೇಗಕ್ಕೆ ಬೇಕಾದಷ್ಟು ಆಮ್ಲಜನಕವನ್ನು ರಕ್ತ ಪೂರೈಸಲಾರದು. ಸ್ನಾಯು ಆಮ್ಲಜನಕವಿಲ್ಲದ ದಾರಿಯಲ್ಲಿ ಶಕ್ತಿ ಎಳೆದುಕೊಳ್ಳುತ್ತದೆ, ಅದರ ಸಾಲ ಮೂರನೇ ಸುತ್ತಿನಲ್ಲಿ ತೀರಿಸಬೇಕಾಗುತ್ತದೆ. ತೊಡೆ ಕಲ್ಲಾಗುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ, ನಾಲ್ಕು ಮತ್ತು ಐದನೇ ಸುತ್ತು 1:55, 2:00ಕ್ಕೆ ಜಾರುತ್ತವೆ. ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ಮೊದಲ ಸುತ್ತು ನಿಮಗೆ ನಿಧಾನ ಎನಿಸಬೇಕು, ಆಗ ವೇಗ ಸರಿಯಾಗಿದೆ ಎಂದರ್ಥ.

ಇನ್ನೊಂದು ಸಣ್ಣ ವಿಷಯ, ಆದರೆ ಹತ್ತು ಸೆಕೆಂಡ್ ತಿನ್ನುತ್ತದೆ. ಟ್ರ್ಯಾಕ್‌ನ 400 ಮೀಟರ್ ಅಳತೆ ಒಳಗಿನ ಮೊದಲ ಲೇನ್‌ಗೆ ಮಾತ್ರ. ಎರಡನೇ ಲೇನ್‌ನಲ್ಲಿ ಓಡಿದರೆ ಸುತ್ತಿಗೆ ಏಳು ಮೀಟರಿಗಿಂತ ಹೆಚ್ಚು ಸೇರುತ್ತದೆ; ಆರು ಸುತ್ತಿಗೆ 40 ಮೀಟರ್ ದಾಟುತ್ತದೆ. ತಿರುವಿನಲ್ಲಿ ಯಾರನ್ನೂ ಹಿಂದಿಕ್ಕಬೇಡಿ, ನೇರ ದಾರಿ ಬಂದಾಗ ದಾಟಿ. ಅಭ್ಯಾಸದ ಮೈದಾನವನ್ನೂ ಫೋನಿನ ಜಿಪಿಎಸ್ ನಂಬಿ ಬಿಡದೆ ಒಮ್ಮೆ ಟೇಪ್ ಹಿಡಿದು ಅಳೆಯಿರಿ.

ವಾರಕ್ಕೆ ಮೂರು ಓಟ ಸಾಕು, ಮೂರೂ ಬೇರೆ ಬೇರೆ ಬಗೆಯವು. ಮೊದಲನೆಯದು ನಿಧಾನದ ಓಟ: 30ರಿಂದ 40 ನಿಮಿಷ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಉಳಿದಿರಬೇಕು. 10:30ರ ಗುರಿಯವರಿಗೆ ಇದು ಕಿಲೋಮೀಟರಿಗೆ 6 ನಿಮಿಷದ ಆಚೀಚೆ, 13ರ ಗುರಿಯವರಿಗೆ 7 ದಾಟಿದರೂ ಸರಿಯೇ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡಲು ಕಲಿಯುವುದು, ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುವುದು ಬಹುಪಾಲು ಈ ನಿಧಾನದ ಓಟದಲ್ಲಿ. ದಿನವೂ ಜೀವ ಹೋಗುವಂತೆ ಓಡುವವರಿಗೆ ಈ ಲಾಭ ಪೂರ್ತಿ ಸಿಗುವುದಿಲ್ಲ; ದಣಿವೇ ಹೆಚ್ಚು ಸಿಗುತ್ತದೆ.

ಎರಡನೆಯದು ತುಂಡು ಓಟ: 400 ಮೀಟರ್ ಆರು ಸಲ, ನಡುವೆ 2 ನಿಮಿಷ ನಡಿಗೆ. ಈಗ ನೀವು 2.4 ಕಿ.ಮೀ.ಯನ್ನು 13:30ರಲ್ಲಿ ಓಡುತ್ತಿದ್ದರೆ ನಿಮ್ಮ ಸುತ್ತು 2:15. ತುಂಡು ಓಟವನ್ನು 2:08ಕ್ಕೆ ಶುರುಮಾಡಿ, ಎರಡು ವಾರಕ್ಕೊಮ್ಮೆ 3–4 ಸೆಕೆಂಡ್ ಇಳಿಸುತ್ತಾ ಬನ್ನಿ. ಆರೂ ತುಂಡುಗಳು ಒಂದೇ ಸಮಯಕ್ಕೆ ಬರಬೇಕು. ಮೊದಲನೆಯದು 1:50, ಕೊನೆಯದು 2:15 ಆದರೆ ಆ ದಿನದ ಅಭ್ಯಾಸ ದಂಡ. ವೇಗ ಕೈಗೆ ಬಂದಮೇಲೆ ಬಿಡುವನ್ನು 90 ಸೆಕೆಂಡಿಗೆ, ಆಮೇಲೆ ಒಂದು ನಿಮಿಷಕ್ಕೆ ತನ್ನಿ. ಒಂದು ನಿಮಿಷದ ಬಿಡುವಿನಲ್ಲಿ ಆರು ಸುತ್ತನ್ನೂ 1:42ಕ್ಕೆ ಮುಗಿಸಬಲ್ಲವರು ಬಹುತೇಕ 10:30 ದಾಟುತ್ತಾರೆ.

ಮೂರನೆಯದು ಎರಡರ ನಡುವಿನ ಹದ: 15–20 ನಿಮಿಷ, ಎರಡು ಮೂರು ಪದವಷ್ಟೇ ಆಡಲು ಬರುವ ವೇಗ. ಪರೀಕ್ಷೆಯ ವೇಗದಲ್ಲಿ ಪೂರ್ತಿ 2.4 ಕಿ.ಮೀ. ಓಡುವುದನ್ನು ಮೂರು ನಾಲ್ಕು ವಾರಕ್ಕೊಮ್ಮೆ ಮಾತ್ರ ಇಟ್ಟುಕೊಳ್ಳಿ. ದಿನವೂ ಸಮಯ ನೋಡಿಕೊಳ್ಳುವ ಚಟ ಪ್ರಗತಿಯನ್ನೇ ನಿಲ್ಲಿಸುತ್ತದೆ.

ಬೀಮ್: ಎಲ್ಲಕ್ಕಿಂತ ಮೊದಲು ಹಿಡಿಯಬೇಕಾದದ್ದು

ಸೊನ್ನೆಯಿಂದ ಆರು ಪುಲ್‌ಅಪ್‌ಗೆ ಬರಲು ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು ಬೇಕು. ಓಟಕ್ಕಿಂತ ಮೊದಲೇ ಇದನ್ನು ಆರಂಭಿಸಿ ಎಂದು ನಾವು ಒತ್ತಿ ಹೇಳುವುದು ಅದಕ್ಕೇ. ಹುಡುಗಿಯರ ವಿಷಯದಲ್ಲಂತೂ ಪಟ್ಟಿಯಲ್ಲಿ ಅತಿ ಕಠಿಣವಾದದ್ದು ಆ ಎರಡು ಪುಲ್‌ಅಪ್, ಓಟವಲ್ಲ.

ಬೀಮ್ ಎಂದರೆ ಕೈ ಸುತ್ತಿ ಹಿಡಿಯುವಷ್ಟು, ಒಂದು ಅಥವಾ ಒಂದೂಕಾಲು ಇಂಚು ದಪ್ಪದ ಕಬ್ಬಿಣದ ಪೈಪು ಸಾಕು. ಮರದ ಕೊಂಬೆ ದಪ್ಪವಾದರೆ ಬೆನ್ನಿಗಿಂತ ಮೊದಲು ಬೆರಳು ಸೋಲುತ್ತದೆ. ಅಂಗೈ ಆಚೆ ನೋಡುವ ಹಾಗೆ, ಭುಜಕ್ಕಿಂತ ತುಸು ಅಗಲಕ್ಕೆ ಹಿಡಿಯಿರಿ. ಅಂಗೈ ಮುಖದ ಕಡೆ ತಿರುಗಿಸಿದರೆ ರಟ್ಟೆಯ ಸಹಾಯ ಹೆಚ್ಚು ಸಿಗುತ್ತದೆ, ಸುಲಭ ಎನಿಸುತ್ತದೆ. ಆ ಹಿಡಿತದಲ್ಲೇ ಎಣಿಸಿಕೊಂಡವರು ಪರೀಕ್ಷೆಯಲ್ಲಿ ಹಿಡಿತ ಬದಲಾಯಿಸಿದಾಗ ಒಂದೆರಡು ಕಳೆದುಕೊಳ್ಳುತ್ತಾರೆ. ಒಂದು ಪುಲ್‌ಅಪ್ ಎಂದರೆ ಕೈ ಪೂರ್ತಿ ನೀಡಿ ನೇತಾಡುವಲ್ಲಿಂದ ಗದ್ದ ಪೈಪಿನ ಮೇಲೆ ಹೋಗಿ, ಮತ್ತೆ ಮೊಣಕೈ ನೇರವಾಗುವವರೆಗೆ. ಕಾಲು ಒದೆಯುವಂತಿಲ್ಲ, ಜೋಲಿ ಹೊಡೆಯುವಂತಿಲ್ಲ.

ಒಂದೂ ಬಾರದವರು ಮೊದಲು ಬರೀ ನೇತಾಡಲು ಕಲಿಯಲಿ: 30 ಸೆಕೆಂಡ್, ನಾಲ್ಕು ಸಲ. ಮೊಣಕೈ ಮಡಿಸದೆ ಭುಜದ ಹಲಗೆಗಳನ್ನಷ್ಟೇ ಕೆಳಕ್ಕೆಳೆದು ಮೈಯನ್ನು ಎರಡು ಇಂಚು ಮೇಲೆತ್ತುವುದು, 8ರಂತೆ ಮೂರು ಸಲ. ಇದನ್ನು ಬಿಟ್ಟವರು ಬೆನ್ನಿನ ಕೆಲಸವನ್ನೆಲ್ಲ ರಟ್ಟೆಗೆ ಹೊರಿಸುತ್ತಾರೆ, ಅದಕ್ಕೇ ಅವರ ಏರಿಕೆ ಅರ್ಧಕ್ಕೆ ನಿಲ್ಲುತ್ತದೆ. ಎರಡು ವಾರದ ಮೇಲೆ ಇಳಿಯುವ ಅಭ್ಯಾಸ: ಸ್ಟೂಲು ಹತ್ತಿ ಗದ್ದವನ್ನು ಪೈಪಿನ ಮೇಲಿಟ್ಟು, ಸ್ಟೂಲು ಬಿಟ್ಟು, ಐದು ಎಣಿಸುವವರೆಗೆ ನಿಧಾನಕ್ಕೆ ಇಳಿಯಿರಿ. ಒಂದು ಸಲಕ್ಕೆ ನಾಲ್ಕೈದು, ಮೂರು ಸೆಟ್, ವಾರಕ್ಕೆ ಮೂರು ದಿನ. ಸ್ನಾಯುವಿಗೆ ಎತ್ತುವುದಕ್ಕಿಂತ ಇಳಿಸುವ ಶಕ್ತಿ ಹೆಚ್ಚು. ಇಳಿಸುತ್ತಲೇ ಎತ್ತುವುದನ್ನು ಕಲಿಯುತ್ತದೆ. ಇಳಿಯಲು ಎಂಟು–ಹತ್ತು ಸೆಕೆಂಡ್ ಹಿಡಿಯತೊಡಗಿತೆಂದರೆ ಮೊದಲ ಪುಲ್‌ಅಪ್ ಹತ್ತಿರ ಬಂತು.

ಒಂದು ಬಂದ ಮೇಲೆ ಅದನ್ನೇ ನಿಮಿಷದ ಬಿಡುವಿನಲ್ಲಿ ಹತ್ತು ಸಲ ಮಾಡಿ. ಮೂರು ಬಂದಮೇಲೆ 1–2–3, 1–2–3 ಎಂದು ಮೆಟ್ಟಿಲ ಲೆಕ್ಕದಲ್ಲಿ. ಪ್ರತಿ ಸೆಟ್ಟಿನಲ್ಲೂ ಇನ್ನೊಂದು ಬರುತ್ತಿತ್ತು ಎನ್ನುವಾಗಲೇ ಕೆಳಗಿಳಿಯಿರಿ. ದಿನವೂ ಕೈ ಸೋಲುವವರೆಗೆ ಎಳೆದಾಡಿದರೆ ಮೊಣಕೈಯ ಒಳಬದಿಯಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರ ಊದಿಕೊಳ್ಳುತ್ತದೆ, ಆ ನೋವು ವಾರಗಟ್ಟಲೆ ಕಾಡುತ್ತದೆ. ಅಂಗೈಯ ಜಡ್ಡು ಎತ್ತರವಾಗದಂತೆ ಸ್ನಾನದ ನಂತರ ಉಜ್ಜಿ ಸಮಮಾಡಿ. ಕಿತ್ತು ಬಂದರೆ ಒಂದು ವಾರ ಬೀಮ್ ಮುಟ್ಟಲಾಗದು. ಇನ್ನು, ಅನಗತ್ಯ ಕೊಬ್ಬು ಮೂರು ಕಿಲೋ ಇದ್ದರೆ ಅದು ಪ್ರತಿ ಪುಲ್‌ಅಪ್‌ನಲ್ಲೂ ನಿಮ್ಮ ಜೊತೆ ಮೇಲೇರಬೇಕು. ತೂಕ ಇಳಿಸಿದ್ದರ ಫಲ ಮೊದಲು ಕಾಣುವುದೇ ಬೀಮ್‌ನಲ್ಲಿ.

ಪುಶ್‌ಅಪ್, ಸಿಟ್‌ಅಪ್, ಬಸ್ಕಿ

ಗರಡಿ ಮನೆಯ ಸಾಮು ಮಾಡಿದವರಿಗೆ ಭುಜದ ಬಲ ಇರುತ್ತದೆ, ಆದರೆ ದಂಡ ಹೊಡೆಯುವಾಗ ಸೊಂಟ ಎತ್ತಿ, ಎದೆಯನ್ನು ಬಾಗಿಸಿ ಮುಂದೆ ತೂರಿಸುವ ಅಭ್ಯಾಸ ಇಲ್ಲಿ ಎಣಿಕೆಗೆ ಬರುವುದಿಲ್ಲ. ತಲೆಯಿಂದ ಹಿಮ್ಮಡಿಯವರೆಗೆ ಮೈ ಒಂದೇ ಗೆರೆಯಲ್ಲಿರಬೇಕು. ಎದೆ ನೆಲದಿಂದ ಒಂದು ಮುಷ್ಟಿ ಎತ್ತರದವರೆಗೆ ಇಳಿದು, ಮೇಲೆ ಬಂದಾಗ ಮೊಣಕೈ ಪೂರ್ತಿ ನೇರವಾಗಬೇಕು. ಮೊಣಕೈಗಳನ್ನು ಪಕ್ಕೆಯಿಂದ ಸುಮಾರು 45 ಡಿಗ್ರಿಯಲ್ಲಿಡಿ. ರೆಕ್ಕೆಯಂತೆ ಅಗಲಿಸಿದರೆ ಭುಜದ ಕೀಲು ನೋಯುತ್ತದೆ. 25 ದಾಟಿದ ಮೇಲೆ ಸೊಂಟ ಜೋಲುವುದು ಕೈ ಸೋತಿದ್ದಕ್ಕಲ್ಲ, ಹೊಟ್ಟೆ ಮತ್ತು ಪಿರ್ರೆಯ ಸ್ನಾಯು ಸಡಿಲಬಿಟ್ಟಿದ್ದಕ್ಕೆ.

ಒಂದು ದಿನ ಎಷ್ಟು ಬರುತ್ತದೆ ಎಂದು ನೋಡಿ. 16 ಬಂತೆನ್ನಿ. ಅದರ ಅರ್ಧ, ಅಂದರೆ 8ರಂತೆ ಐದು ಸೆಟ್, ನಡುವೆ ಒಂದೂವರೆ ನಿಮಿಷ ಬಿಡುವು, ವಾರಕ್ಕೆ ಮೂರು ದಿನ. ವಾರಕ್ಕೊಮ್ಮೆ ಸೆಟ್ಟಿಗೆ ಒಂದೆರಡು ಸೇರಿಸಿ. ಒಂದು ನಿಮಿಷದ ಬಿಡುವಿನಲ್ಲಿ 20ರಂತೆ ಐದು ಸೆಟ್ ಶುದ್ಧವಾಗಿ ಬಂದರೆ 40 ದೂರವಿಲ್ಲ. ನೆಲದ ಮೇಲೆ ಒಂದೂ ಬಾರದವರು ಮೊಣಕಾಲೂರಿ ಮಾಡುವ ಬದಲು ಕೈಯನ್ನು ಎತ್ತರದಲ್ಲಿಟ್ಟು ಶುರುಮಾಡಲಿ: ಮೊದಲು ಅಡುಗೆಕಟ್ಟೆ, ಆಮೇಲೆ ಮನೆಯ ಜಗಲಿ, ಆಮೇಲೆ ಒಂದು ಮೆಟ್ಟಿಲು. ಎತ್ತರ ತಗ್ಗಿದಂತೆ ಭಾರ ಹೆಚ್ಚುತ್ತದೆ, ಮೈಯ ಗೆರೆ ಮೊದಲ ದಿನದಿಂದಲೇ ಸರಿಯಾಗಿರುತ್ತದೆ.

ಸಿಟ್‌ಅಪ್‌ನಲ್ಲಿ ಕತ್ತು ಎಳೆಯಬೇಡಿ. ಬೆರಳು ಕಿವಿಯ ಪಕ್ಕ ಸುಮ್ಮನೆ ಇರಲಿ, ಮೇಲೇಳುವಾಗ ಉಸಿರು ಬಿಡಿ. ಬಸ್ಕಿಯಲ್ಲಿ ತೊಡೆ ನೆಲಕ್ಕೆ ಸಮವಾಗುವಷ್ಟು ಕೂತು, ಹಿಮ್ಮಡಿ ಊರಿಕೊಂಡೇ ಏಳಬೇಕು. ಲಂಜ್‌ನಲ್ಲಿ ಮುಂದಿನ ಮೊಣಕಾಲು ಒಳಕ್ಕೆ ವಾಲದಿರಲಿ. ಇವು ಮೂರೂ ತಾಜಾ ಇರುವಾಗ ಸುಲಭ. ಕಷ್ಟವಾಗುವುದು ಓಟದ ಹಿಂದೆಯೇ ಬಂದಾಗ.

ಆದ್ದರಿಂದ ಹತ್ತನೇ ವಾರದಿಂದ ವಾರಕ್ಕೊಂದು ದಿನ ಎಲ್ಲವನ್ನೂ ಸಾಲಾಗಿ ಮಾಡಿ: ಓಟ, ಐದು ನಿಮಿಷ ಬಿಡುವು, ಪುಲ್‌ಅಪ್, ಎರಡು ನಿಮಿಷ, ಪುಶ್‌ಅಪ್, ಎರಡು ನಿಮಿಷ, ಸಿಟ್‌ಅಪ್, ಬಸ್ಕಿ, ಲಂಜ್. ಪೂರ್ತಿ ವೇಗದ ಓಟ ನಿಗದಿಯಾಗಿರದ ವಾರಗಳಲ್ಲಿ ಹದದ ಓಟವನ್ನೇ ಮೊದಲಿಗೆ ಇಟ್ಟುಕೊಳ್ಳಿ. ಬಿಡಿಯಾಗಿ ಆರು ಪುಲ್‌ಅಪ್ ಬರುತ್ತಿದ್ದವರಿಗೆ ಅಲ್ಲಿ ನಾಲ್ಕೇ ಬರುವುದು ಮಾಮೂಲು. ಅಧಿಸೂಚನೆಯಲ್ಲಿ 6 ಎಂದಿದ್ದರೆ ಮನೆಯಲ್ಲಿ 9, 40 ಎಂದಿದ್ದರೆ 50, 10:30 ಎಂದಿದ್ದರೆ 10:00 ಎಂಬ ಗುರಿ ಇಟ್ಟುಕೊಳ್ಳುವುದು ಆ ವ್ಯತ್ಯಾಸಕ್ಕಾಗಿ. ಎಣಿಸಲು ಬೇರೆಯವರನ್ನು ನಿಲ್ಲಿಸಿ, ಭಂಗಿ ತಪ್ಪಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಮೊದಲೇ ಹೇಳಿಡಿ.

ಹಗ್ಗ ಮತ್ತು ನೀರು

ಹಗ್ಗ ಹತ್ತುವುದು ಕೈಯ ಕೆಲಸ ಎಂದು ಎಣಿಸಿದವರು ಎರಡು ಮೀಟರಿಗೇ ನಿಲ್ಲುತ್ತಾರೆ. ಹಗ್ಗವನ್ನು ಒಂದು ಪಾದದ ಹೊರಬದಿಯಿಂದ ಅಡಿಗೆ ತಂದು, ಇನ್ನೊಂದು ಪಾದದಿಂದ ಒತ್ತಿ ಹಿಡಿದರೆ ಅದು ಮೆಟ್ಟಿಲಾಗುತ್ತದೆ. ಮೊಣಕಾಲನ್ನು ಎದೆಯ ಕಡೆ ಎಳೆದುಕೊಂಡು, ಕಚ್ಚು ಹಾಕಿ, ಕಾಲು ನೀಡಿ ಎದ್ದುನಿಲ್ಲಿ. ಕೈ ಮೇಲಿನ ಹಿಡಿತಕ್ಕೆ ಮಾತ್ರ. ಇಳಿಯುವಾಗ ಜಾರಬೇಡಿ, ಅಂಗೈ ಸುಟ್ಟುಹೋಗುತ್ತದೆ. ಹಳ್ಳ ಅಥವಾ ವೇದಿಕೆಯಿಂದ ಹಾರಿದಾಗ ಎರಡೂ ಪಾದ ಒಟ್ಟಿಗೆ, ಮೊಣಕಾಲು ಮಡಿಸಿ ಇಳಿಯಿರಿ. ನೇರ ಕಾಲಲ್ಲಿ ಇಳಿದು ಕಣಕಾಲು ಉಳುಕಿಸಿಕೊಂಡವರ ಮುಂದಿನ ಪರೀಕ್ಷೆಗಳೆಲ್ಲ ಹೋದಂತೆಯೇ.

ಬಾವಿ, ಕೆರೆಯಲ್ಲಿ ಈಜು ಕಲಿತ ಹಳ್ಳಿಯ ಮಕ್ಕಳಿಗೆ ನೀರಿನ ಹೆದರಿಕೆ ಇರುವುದಿಲ್ಲ, ಅದೇ ದೊಡ್ಡ ಲಾಭ. ಆದರೆ ತಲೆ ಎತ್ತಿಕೊಂಡೇ ಈಜುವುದರಿಂದ ಸೊಂಟ ಮುಳುಗಿ ಬೇಗ ದಣಿಯುತ್ತಾರೆ. ಮುಖವನ್ನು ನೀರಿನಲ್ಲಿಟ್ಟು ಮೂಗು–ಬಾಯಿಯಿಂದ ಉಸಿರು ಬಿಡುವುದು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳುವುದು ಇಷ್ಟನ್ನು ತರಬೇತುದಾರರ ಕೈಕೆಳಗೆ ತಿದ್ದಿಕೊಂಡರೆ ಸಾಕು. ಪೂರಾ ಬಾರದವರು ಅಕಾಡೆಮಿಗೆ ಹೋಗುವ ಮೊದಲು ತೇಲುವುದನ್ನಾದರೂ ಕಲಿಯಲಿ. ಅಲ್ಲಿ ಎತ್ತರದ ಹಲಗೆಯಿಂದ ನೀರಿಗೆ ಹಾರಿಸುತ್ತಾರೆ. ಒಬ್ಬರೇ ಕೆರೆಗಿಳಿದು ಅಭ್ಯಾಸ ಮಾಡುವುದು ಬೇಡವೇ ಬೇಡ.

ಮುಂಗಾಲಿನ ಮೂಳೆ

ಉಸಿರಿನ ಕಸುವು ಮೂರು ನಾಲ್ಕು ವಾರದಲ್ಲಿ ಹೆಚ್ಚುತ್ತದೆ. ಸ್ನಾಯು ಆರೆಂಟು ವಾರದಲ್ಲಿ ಗಟ್ಟಿಯಾಗುತ್ತದೆ. ಮೂಳೆಗೆ ತಿಂಗಳುಗಳೇ ಬೇಕು. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸಿಕೊಂಡು, ಆಮೇಲೆ ಅಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿದ್ದಕ್ಕೂ ಕಟ್ಟಿದ್ದಕ್ಕೂ ನಡುವಿನ ವಾರಗಳಲ್ಲಿ ಅದು ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಸಲೀಸಾಯಿತೆಂದು ನೀವು ಓಟ ಎರಡರಷ್ಟು ಮಾಡುವುದು ಸರಿಯಾಗಿ ಅದೇ ವಾರಗಳಲ್ಲಿ. ಅಕಾಡೆಮಿಗಳಲ್ಲಿ ಹೊಸಬರನ್ನು ಕಾಡುವ ಸ್ಟ್ರೆಸ್ ಫ್ರ್ಯಾಕ್ಚರ್ ಹುಟ್ಟುವುದು ಹೀಗೆ: ಒಂದು ಪೆಟ್ಟಿಗೆ ಮುರಿಯದೆ, ಸಾವಿರಾರು ಹೆಜ್ಜೆಗಳ ಹೊಡೆತಕ್ಕೆ ಮೂಳೆಯಲ್ಲಿ ಕೂದಲೆಳೆಯ ಬಿರುಕು.

ಎರಡು ನೋವುಗಳ ವ್ಯತ್ಯಾಸ ತಿಳಿದಿರಬೇಕು. ಮುಂಗಾಲಿನ, ಅಂದರೆ ಮೊಣಕಾಲಿನಿಂದ ಕಣಕಾಲಿನವರೆಗಿನ ಮುಂಭಾಗದ, ಒಳಬದಿಯಲ್ಲಿ ಗೇಣುದ್ದ ಹರಡಿಕೊಂಡು, ಓಟ ಶುರುಮಾಡಿದಾಗ ಇದ್ದು, ಮೈ ಕಾದಮೇಲೆ ಕಡಿಮೆಯಾಗುವ ನೋವು ಶಿನ್ ಸ್ಪ್ಲಿಂಟ್. ಓಟವನ್ನು ಅರ್ಧಕ್ಕಿಳಿಸಿ, ಮಣ್ಣಿನ ನೆಲಕ್ಕೆ ಬದಲಾಯಿಸಿದರೆ ಕೆಲವು ವಾರದಲ್ಲಿ ತಗ್ಗುತ್ತದೆ. ಒಂದೇ ಬೆರಳಿಟ್ಟು ಇಲ್ಲೇ ಎಂದು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ, ರಾತ್ರಿ ಮಲಗಿದಾಗಲೂ ಮಿಡಿಯುವ, ಒಂಟಿಗಾಲಲ್ಲಿ ಕುಪ್ಪಳಿಸಿದರೆ ಚುಚ್ಚುವ ನೋವು ಬಿರುಕಿನದು. ಆ ದಿನವೇ ಓಟ ನಿಲ್ಲಿಸಿ, ಮೂಳೆ ವೈದ್ಯರನ್ನು ಕಾಣಿ. ಮೊದಲ ವಾರಗಳಲ್ಲಿ ಸಾಮಾನ್ಯ ಎಕ್ಸ್‌ರೇಯಲ್ಲಿ ಇದು ಕಾಣದಿರುವುದೇ ಹೆಚ್ಚು. ಎಕ್ಸ್‌ರೇ ಚೆನ್ನಾಗಿದೆ ಎಂದು ಓಟ ಮುಂದುವರಿಸಬೇಡಿ. ನೋವಿನ ಮಾತ್ರೆ ನುಂಗಿ ಓಡುವುದು ಬಿರುಕನ್ನು ಮುರಿತಕ್ಕೆ ತಲುಪಿಸುವ ದಾರಿ.

ಅಕಾಡೆಮಿಯಲ್ಲಿ ಇಂಥ ಗಾಯದಿಂದ ತರಬೇತಿ ತಪ್ಪಿದರೆ ಕೆಡೆಟ್‌ ರೆಲಿಗೇಟ್ ಆಗಿ ಕಿರಿಯ ಬ್ಯಾಚಿಗೆ ಸೇರಬೇಕಾಗುತ್ತದೆ. ಗಾಯ ಗಂಭೀರವಾದರೆ ಮನೆಗೇ ಕಳುಹಿಸುತ್ತಾರೆ. ಹೀಗೆ ಅಂಗವಿಕಲರಾಗಿ ಹೊರಬಂದ ಕೆಡೆಟ್‌ಗಳ ಪಾಡನ್ನು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಓಟದಲ್ಲಿ ಹತ್ತು ಸೆಕೆಂಡ್ ಹಿಂದಿದ್ದು ನೋವಿಲ್ಲದ ಕಾಲಿನಲ್ಲಿ ಅಕಾಡೆಮಿಗೆ ಹೋದವರು, ಹತ್ತು ಸೆಕೆಂಡ್ ಮುಂದಿದ್ದು ಕುಂಟುತ್ತಾ ಹೋದವರಿಗಿಂತ ಎಷ್ಟೋ ಸುಭದ್ರ ಸ್ಥಿತಿಯಲ್ಲಿರುತ್ತಾರೆ.

ತಡೆಯುವುದು ಹೇಗೆ? ವಾರದ ಒಟ್ಟು ಓಟವನ್ನು ಶೇ 10ಕ್ಕಿಂತ ಹೆಚ್ಚಿಸಬೇಡಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಸಿ. ಡಾಂಬರು, ಕಾಂಕ್ರೀಟಿಗಿಂತ ಮಣ್ಣಿನ ದಾರಿ ಒಳ್ಳೆಯದು. ಕ್ಯಾನ್ವಾಸ್ ಶೂನಲ್ಲಿ ಓಟದ ಅಭ್ಯಾಸ ಬೇಡ. ಓಟದ ಶೂ ಕೊಂಡುಕೊಳ್ಳಿ, ಅಡಿ ಸವೆದಾಗ ಬದಲಿಸಿ. ಮೀನಖಂಡಕ್ಕೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, 15ರಂತೆ ಮೂರು ಸಲ, ದಿನ ಬಿಟ್ಟು ದಿನ. ಎಂಟನೇ ವಾರದಿಂದ ವಾರಕ್ಕೊಮ್ಮೆ ಬೆನ್ನಿಗೆ 5 ಕಿಲೋ ಚೀಲ ಹಾಕಿ ನಡೆಯಿರಿ, ಕ್ರಮೇಣ 10 ಕಿಲೋಗೆ ಬನ್ನಿ. ಹೊರೆ ಹೊತ್ತು ಓಡುವುದನ್ನು ಅಕಾಡೆಮಿಯೇ ಕಲಿಸುತ್ತದೆ, ಮನೆಯಲ್ಲಿ ಬೇಡ.

ಊಟದ ಪಾಲು ಇಲ್ಲಿಯೇ ಬರುತ್ತದೆ. ರಾಗಿಯಲ್ಲಿ 100 ಗ್ರಾಂಗೆ 300 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಉಣ್ಣುವ ಮನೆಯವರು ಅದನ್ನು ಬಿಡಬೇಕಿಲ್ಲ. ಮೈತೂಕದ ಕಿಲೋಗೆ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನ್, ಅಂದರೆ 65 ಕಿಲೋದವರಿಗೆ 95–100 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಲೋಟ ಹಾಲಿನಲ್ಲಿ 8, ಒಂದು ಹಿಡಿ ಕಡಲೆಕಾಯಿಬೀಜದಲ್ಲಿ 7–8, 100 ಗ್ರಾಂ ಒಣ ಹೆಸರುಕಾಳಿನಲ್ಲಿ 22–24. ಎರಡು ಸಲ ಅನ್ನ–ತಿಳಿಸಾರು ಉಂಡರೆ ಇದು ತುಂಬುವುದಿಲ್ಲ. ತೂಕ ಇಳಿಸಬೇಕಾದವರು ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಸದಿರಲಿ. ಉಪವಾಸ ಮಾಡಿ ಓಡಿದರೆ ಮೂಳೆಯೂ ಸೊರಗುತ್ತದೆ. ಅಭ್ಯಾಸ ಶುರುಮಾಡಿದ ಮೇಲೆ ಮುಟ್ಟು ನಿಂತರೆ ಅದನ್ನು ಕಸರತ್ತಿನ ಸಹಜ ಪರಿಣಾಮ ಎಂದು ತಳ್ಳಿಹಾಕಬೇಡಿ. ಊಟ ಸಾಲುತ್ತಿಲ್ಲ, ಮೂಳೆ ಅಪಾಯದಲ್ಲಿದೆ ಎಂಬ ಎಚ್ಚರಿಕೆ ಅದು. ಹಿಮೋಗ್ಲೋಬಿನ್ ಮತ್ತು ವಿಟಮಿನ್ ಡಿ ಪರೀಕ್ಷೆಯನ್ನು ಮೊದಲ ತಿಂಗಳಲ್ಲೇ ಮಾಡಿಸಿ.

ಹದಿನಾರು ವಾರ, ಮತ್ತು ಚೆನ್ನೈನ ಬಿಸಿಲು

ಮೊದಲ ನಾಲ್ಕು ವಾರ ತುಂಡು ಓಟ ಬೇಡ. ನಿಧಾನದ ಓಟ ಮೂರು ದಿನ, ಬೀಮ್–ಪುಶ್‌ಅಪ್ ಮೂರು ದಿನ, ಒಂದು ದಿನ ಪೂರ್ತಿ ವಿಶ್ರಾಂತಿ. ಸತತ ಹತ್ತು ನಿಮಿಷವೂ ಓಡಲಾಗದವರು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಸೇರಿಸಿ 30 ನಿಮಿಷ ತುಂಬಿಸಲಿ. ಐದನೇ ವಾರದಿಂದ ತುಂಡು ಓಟ, ಒಂಬತ್ತರಿಂದ ಹದದ ಓಟ, ಹತ್ತರಿಂದ ಸಾಲು ಪರೀಕ್ಷೆ. ಹದಿಮೂರು, ಹದಿನಾಲ್ಕು ಅತಿ ಕಠಿಣ ವಾರಗಳು. ಹದಿನೈದರಲ್ಲಿ ಮೂರನೇ ಒಂದು ಭಾಗ, ಹದಿನಾರರಲ್ಲಿ ಅರ್ಧ ಇಳಿಸಿ. ಕೊನೆಯ ವಾರ ಯಾವ ಬಲವೂ ಹುಟ್ಟುವುದಿಲ್ಲ, ಹುಟ್ಟಿದ ಬಲ ದಣಿವಿನಿಂದ ಹೊರಬರುತ್ತದೆ ಅಷ್ಟೇ. ಮೆರಿಟ್ ಪಟ್ಟಿ ನೋಡಿಕೊಂಡು ಶುರುಮಾಡಿದರೆ ಹದಿನಾರು ವಾರ ಸಿಗುವುದಿಲ್ಲ. ಲಿಖಿತ ಪರೀಕ್ಷೆ ಬರೆದ ವಾರವೇ, ಅದಿಲ್ಲದ ಪ್ರವೇಶವಾದರೆ ಅರ್ಜಿ ಹಾಕಿದ ವಾರವೇ, ಮೊದಲ ವಾರವಾಗಲಿ.

ಒಟಿಎ ಕೋರ್ಸುಗಳು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಆರಂಭವಾಗುತ್ತವೆ. ಏಪ್ರಿಲಿನ ಚೆನ್ನೈ ಎಂದರೆ ಬೆವರು ಆರದ ಸೆಕೆ. ಮಡಿಕೇರಿ, ಚಿಕ್ಕಮಗಳೂರು, ಬೆಂಗಳೂರಿನ ತಂಪಿನಲ್ಲಿ 10:15 ಓಡುವವರು ಅಲ್ಲಿ ಮೊದಲ ವಾರ ಅರ್ಧ ನಿಮಿಷ ಹಿಂದೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಬೇಗ ಬೆವರುವುದನ್ನು, ಬೆವರಿನಲ್ಲಿ ಉಪ್ಪು ಉಳಿಸುವುದನ್ನು ದೇಹ ಕಲಿಯಲು 10ರಿಂದ 14 ದಿನ ಬೇಕು. ಹೊರಡುವ ಎರಡು ವಾರ ಮೊದಲು ನಿಧಾನದ ಓಟವನ್ನು ಬೆಳಗಿನ ಚಳಿಯಿಂದ ಸಂಜೆ ನಾಲ್ಕರ ಬಿಸಿಲಿಗೆ ಬದಲಿಸಿ, 20 ನಿಮಿಷದಿಂದ ಶುರುಮಾಡಿ. ರಾಯಚೂರು, ಕಲಬುರಗಿಯವರು ಈ ಮಾತನ್ನು ತಿರುಗಿಸಿ ಓದಬೇಕು: ಮೇ ತಿಂಗಳ ಬಿಸಿಲು ಅವರಿಗೆ ಬೇಕಾದಷ್ಟಿದೆ, ಬೆಳಗ್ಗೆ ಆರಕ್ಕೇ ಮುಗಿಸಲಿ. ಓಡುತ್ತಿರುವವರು ತಡವರಿಸಿದರೆ, ಅಸಂಬದ್ಧವಾಗಿ ಮಾತಾಡಿದರೆ ಬೆವರುತ್ತಿದ್ದರೂ ಅದು ಬಿಸಿಲಿನ ಹೊಡೆತವಾಗಿರಬಹುದು. ನೆರಳಿಗೆ ಎಳೆದು, ಮೈಮೇಲೆಲ್ಲ ತಣ್ಣೀರು ಸುರಿಯುತ್ತಲೇ ಆಂಬುಲೆನ್ಸ್ ಕರೆಯಿರಿ. ಮೊದಲು ತಣಿಸುವುದು, ಆಮೇಲೆ ಸಾಗಿಸುವುದು.

ಪರೀಕ್ಷೆಯ ಬೆಳಗ್ಗೆ ಹೊಸದೇನನ್ನೂ ಮಾಡಬೇಡಿ. ಒಂದೂವರೆ ಗಂಟೆ ಮೊದಲು ಬಾಳೆಹಣ್ಣು, ಎರಡು ಇಡ್ಲಿ, ಅಭ್ಯಾಸವಿದ್ದರೆ ಒಂದು ಲೋಟ ಕಾಫಿ. ಹತ್ತು ನಿಮಿಷ ನಿಧಾನಕ್ಕೆ ಓಡಿ ಮೈ ಕಾಯಿಸಿ, 60 ಮೀಟರಿನ ನಾಲ್ಕು ಚುರುಕು ಓಟ ಹಾಕಿ, ಲೇಸಿಗೆ ಎರಡು ಗಂಟು ಹಾಕಿ. ಗೆರೆಯಲ್ಲಿ ನಿಂತಾಗ ಒಳಗಿನ ಲೇನ್ ಹತ್ತಿರ ಜಾಗ ಹಿಡಿಯಿರಿ. ಸೀಟಿ ಊದಿದ ಮೇಲೆ ಮುಂದೆ ನುಗ್ಗುವವರನ್ನು ನುಗ್ಗಲು ಬಿಡಿ. ಅವರಲ್ಲಿ ಅರ್ಧ ಜನ ನಾಲ್ಕನೇ ಸುತ್ತಿನಲ್ಲಿ ನಿಮಗೆ ಸಿಗುತ್ತಾರೆ.